ಮೂರು ಹಿಡಿಯ ಕ್ಯಾನು

18 ಜನವರಿ 1998, ಭಾನುವಾರ
ಹೊಳೆನರಸೀಪುರ

ಪರದೆ ಮೇಲೇಳಲಿ! ಇಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ನನ್ನ ಕ್ಯಾನು ಮುಗಿಯಿತು.

ಹನ್ನೊಂದು ವಾರ ಹಿಡಿಯಿತು. ದುಂಡನೆಯ ಮೈ, ಶಂಖದ ಹಾಗೆ ಕಿರಿದಾಗುತ್ತ ಹೋಗುವ ಕತ್ತು, ತಳಕ್ಕೆ ಎರಡು ಪದರ ತಗಡು, ಕೆಳಗೊಂದು ಹಿತ್ತಾಳೆ ನಲ್ಲಿ. ಇಪ್ಪತ್ತು ಲೀಟರು. ನೀರಾದರೂ ತುಂಬು, ಸೀಮೆಎಣ್ಣೆಯಾದರೂ ತುಂಬು, ಪಂಪ್‌ಸೆಟ್ಟಿನ ಡೀಸೆಲ್ಲಾದರೂ ತುಂಬು. ಬೆಸುಗೆಯ ಮೇಲೆ ಬೆರಳಾಡಿಸಿದರೆ ತಗಡು ಎಲ್ಲಿ ಮುಗಿಯಿತು, ಬೆಸುಗೆ ಎಲ್ಲಿ ಶುರುವಾಯಿತು ಎಂದು ದೇವೇಂದ್ರ ಬಂದರೂ ಹೇಳಲಾರ.

ಈ ಊರಿನ ಟ್ರೈನಿಂಗ್ ಸೆಂಟರಿನಲ್ಲಿ ತಗಡು ಕೆಲಸ ಕಲಿಸುತ್ತ ಇಪ್ಪತ್ತಾರು ವರ್ಷ. ನಾಟಕ ಸಂಘದಲ್ಲಿ ರಾಜನ ಪಾರ್ಟು ಮಾಡುತ್ತ ಮೂವತ್ತು ವರ್ಷ. ಅಪ್ಪ ಕಂಪನಿ ನಾಟಕಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದವರು. ನಾನು ತೊಟ್ಟಿಲಿಗಿಂತ ಹೆಚ್ಚು ಮಲಗಿದ್ದು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ. ಇಂಥ ಸಂಪತ್ಕುಮಾರನಿಗೆ ಇದುವರೆಗೆ ಒಂದು ಶಾಲು ಹೊದಿಸಿದವರಿಲ್ಲ! ಇರಲಿ. ಮುಂದಿನ ಸೋಮವಾರ ಹಾಸನದಲ್ಲಿ ಗ್ರಾಮೀಣ ಉಪಕರಣಗಳ ಪ್ರದರ್ಶನ. ನೀರು ಮತ್ತು ಎಣ್ಣೆ ಒಯ್ಯುವ ಪಾತ್ರೆಗಳಿಗೆಂದೇ ಒಂದು ಸ್ಪರ್ಧೆ. ಹೊರಡಲಿ ನನ್ನ ದಿಗ್ವಿಜಯ.

ಅಂಬುಜಳನ್ನು ಕರೆದು ತೋರಿಸಿದೆ. ಎತ್ತಿ ನೋಡಿದಳು.

"ಏನೂಂದ್ರೆ, ಇದರೊಳಗೆ ಆಗಲೇ ನೀರು ತುಂಬಿದೀರಾ?"

"ಇಲ್ಲ, ಖಾಲಿ."

"ಓ," ಎಂದು ಕೆಳಗಿಟ್ಟು ಒಗ್ಗರಣೆ ಹಾಕಲು ಹೋದಳು.

ಕಲೆ ತಿಳಿಯದವರ ನಡುವೆ ಕಲಾವಿದ ಬಾಳಬೇಕು.

26 ಜನವರಿ, ಸೋಮವಾರ

ಸೋತೆ.

ಬರೆದೇಬಿಡುತ್ತೇನೆ. ತೀರ್ಪುಗಾರರು ಕ್ಯಾನುಗಳನ್ನು ಮೇಜಿನ ಮೇಲಿಟ್ಟು ನೋಡಲಿಲ್ಲ. ತುಂಬಿಸಿ, ಸೈಕಲ್ ಕ್ಯಾರಿಯರ್‌ಗೆ ಕಟ್ಟಿ, ಮೈದಾನ ಸುತ್ತಿಸಿದರು. ನನ್ನದು ದುಂಡಗಿದೆಯಲ್ಲ, ಮೊದಲ ತಿರುವಿನಲ್ಲೇ ಹಗ್ಗದೊಳಗೆ ಗಿರಗಿರ ತಿರುಗಿತು. ಹಿತ್ತಾಳೆ ನಲ್ಲಿ ಹೋಗಿ ಚಕ್ರದ ಕಡ್ಡಿಗೆ ಬಡಿಯಿತು. ಟಣ್ ಟಣ್ ಟಣ್! ಜನ ಚಪ್ಪಾಳೆ ಹೊಡೆದರು. ನಾನು ಬದುಕಿನಲ್ಲಿ ಕೇಳಿದ ಚಪ್ಪಾಳೆಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಗೆದ್ದವನು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯವನಂತೆ. ಹೆಸರು ಪುಟ್ಟರಾಜು. ವಯಸ್ಸು ಮೂವತ್ತರ ಒಳಗೆ. ಹೊಲ ಉಳುವವನು! ಮನೆ ಹಿಂದಿನ ಶೆಡ್ಡಿನಲ್ಲಿ ಕ್ಯಾನು ಮಾಡುತ್ತಾನಂತೆ. ಅವನದು ಚಪ್ಪಟೆ. ಗೋಡೆಗೆ ಒರಗಿಸಿದ ಪುಸ್ತಕದ ಹಾಗೆ ಸೈಕಲ್ಲಿಗೆ ಅಂಟಿಕೊಂಡು ಕೂತಿತು. ಎರಡೂ ಪಕ್ಕದಲ್ಲಿ ಮೂಲೆಯಿಂದ ಮೂಲೆಗೆ ಗುಣಿಸು ಗುರುತಿನ ಏಣು, ತಗಡು ಉಬ್ಬದಿರಲಿ ಎಂದು. ಮೇಲೆ ಒಂದಲ್ಲ, ಮೂರು ಹಿಡಿ.

"ಮೂರು ಯಾಕಪ್ಪ? ನಿನಗೆ ಮೂರು ಕೈಯಿದೆಯೇ?" ಎಂದು ನಾನೇ ಕೇಳಿದೆ, ಕೊನೆಯ ಸಾಲಿಗೂ ಮುಟ್ಟುವಂತೆ.

"ಮಧ್ಯದ್ದು ಒಬ್ರು ಎತ್ತಕ್ಕೆ ಸಾ. ಭಾರ ಅನ್ಸುದ್ರೆ ಆ ಕಡೆ ಈ ಕಡೆದು ಇಬ್ರು ಇಡ್ಕೊಂಡು ಓಗ್ಬೋದು. ಖಾಲಿ ಇದ್ರೆ ಎರಡು ಕ್ಯಾನು ಜೊತೆಗಿಟ್ಟು ಅಂಚಿನ ಇಡಿಗಳ್ನ ಸೇರ್ಸಿ ಒಂದೇ ಕೈಲಿ ಎತ್ಬೋದು." ಮಾಡಿಯೂ ತೋರಿಸಿದ. "ಕೆಂಪು ಬಣ್ಣದ್ದು ಎಣ್ಣೆಗೆ, ಬಾಯಿ ಸಣ್ಣದು. ನೀಲಿದು ನೀರಿಗೆ. ಎಂಗುಸ್ರು ಕೈ ಒಳಕ್ಕೋಗಿ ತಿಕ್ಕಂಗೆ ಬಾಯಿ ಅಗಲ ಬುಟ್ಟಿವ್ನಿ."

"ಎಲ್ಲ ನಿನ್ನ ಸ್ವಂತ ಬುದ್ಧಿಯೋ?"

"ಇಲ್ಲ ಸಾ. ಗುಜರಿ ಅಂಗಡೀಲಿ ಅಳೇ ಮಿಲಿಟ್ರಿ ಕ್ಯಾನ್ ಸಿಕ್ತು. ಬಿಚ್ಚಿ ನೋಡ್ಕೊಂಡು ಮಾಡ್ದೆ."

ಕಾಪಿ! ತುಂಬಿದ ಸಭೆಯಲ್ಲಿ ತನ್ನ ಬಾಯಿಂದಲೇ ಒಪ್ಪಿಕೊಂಡ! ಆದರೂ ಶಾಲು ಅವನಿಗೇ.

ಆಮೇಲೆ ಅವನು ನನ್ನ ಹತ್ತಿರ ಬಂದು ಕೈಮುಗಿದ. "ಸಾ, ನನ್ ಗುರ್ತು ಸಿಕ್ತಾ?"

"ನನ್ನ ನಾಟಕ ನೋಡಿದವರು ನಾಲ್ಕು ತಾಲ್ಲೂಕಿನಲ್ಲೂ ಇದ್ದಾರಪ್ಪ. ಎಲ್ಲರ ಗುರುತು ಎಲ್ಲಿಟ್ಟುಕೊಳ್ಳಲಿ?"

"ಅಂಗಲ್ಲ ಸಾ, ನಾನು..."

ಅಷ್ಟರಲ್ಲಿ ಬೆನ್ನು ತಿರುಗಿಸಿ ನಿರ್ಗಮಿಸಿದೆ. ಇಂದು ಅದೊಂದಾದರೂ ರಾಜನ ಹಾಗೆ ಬಂತು. ಶಾಮಿಯಾನದ ಹಗ್ಗಕ್ಕೆ ನನ್ನ ಕ್ಯಾನಿನ ನಲ್ಲಿ ಸಿಕ್ಕಿಕೊಳ್ಳದೆ ಇದ್ದಿದ್ದರೆ.

28 ಜನವರಿ, ಬುಧವಾರ

ಆ ಶಾಲು ಕೇಸರಿ ಬಣ್ಣದ್ದು. ಅವನಿಗೆ ಒಪ್ಪುವುದಿಲ್ಲ.

8 ಫೆಬ್ರವರಿ, ಭಾನುವಾರ

ಶತ್ರು ಕೋಟೆಯೊಳಗೆ ಕಾಲಿಟ್ಟಿದ್ದಾನೆ!

ಬೆಳಿಗ್ಗೆ ಜಗುಲಿಯ ಮೇಲೆ ಪೇಪರ್ ಓದುತ್ತಿದ್ದೆ. ಬೀದಿ ನಲ್ಲಿಯ ಕಡೆಯಿಂದ ಅಂಬುಜ, ಪಕ್ಕದ ಮನೆಯ ಪಾರ್ವತಮ್ಮ ಇಬ್ಬರೂ ನಗುತ್ತ ಬರುತ್ತಿದ್ದರು. ಇಬ್ಬರ ನಡುವೆ ಒಂದು ನೀಲಿ ಕ್ಯಾನು. ಆಚೆ ಹಿಡಿ ಅವರ ಕೈಯಲ್ಲಿ, ಈಚೆ ಹಿಡಿ ಇವಳ ಕೈಯಲ್ಲಿ.

"ಏನದು?" ಎಂದು ಗರ್ಜಿಸಿದೆ.

"ಕ್ಯಾನು."

"ಯಾರದು?"

"ನಮ್ಮದೇ. ಪಾರ್ವತಮ್ಮನ ಯಜಮಾನ್ರು ಚನ್ನರಾಯಪಟ್ಟಣದ ಸಂತೆಯಿಂದ ತಂದ್ಕೊಟ್ರು. ಅವರಿಗೊಂದು, ನಮಗೊಂದು."

"ಮಾಡಿದವನು ಯಾರೆಂದು ಗೊತ್ತೇನು ನಿನಗೆ?"

"ಮಾಡಿದವರ ಜಾತಕ ನೋಡಿ ನೀರು ಹಿಡಿಯಕ್ಕಾಗತ್ತೇನ್ರೀ? ನಲ್ಲಿ ಬರೋದೇ ದಿನ ಬಿಟ್ಟು ದಿನ. ಹಿತ್ತಾಳೆ ಕೊಡ ಸೊಂಟದ ಮೇಲಿಟ್ಟು ಇಟ್ಟು ನನ್ನ ಎಡಗಡೆ ಹಿಡ್ಕೊಂಡುಬಿಟ್ಟಿದೆ."

"ನಾನು ಮಾಡಿದ್ದು ಮನೆಯಲ್ಲಿ ಇರಲಿಲ್ಲವೇ?"

ಪಾರ್ವತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಮೇಷ್ಟ್ರೇ, ಅದನ್ನ ಎತ್ತೋಕೆ ನೀವು ನಾಟಕದಲ್ಲಿ ಬಿಲ್ಲು ಮುರೀತೀರಲ್ಲ, ಹಂಗೆ ಯಾರಾದ್ರೂ ಸ್ವಯಂವರಕ್ಕೆ ಬರ್ಬೇಕು."

ನನ್ನ ಕ್ಯಾನಿನಲ್ಲಿ ಈಗ ಅಕ್ಕಿ ಇದೆ. ಇರುವೆ ಬರುವುದಿಲ್ಲವೆಂದು ಅಂಬುಜ ಹೊಗಳುತ್ತಾಳೆ. ಆ ಹೊಗಳಿಕೆಗಿಂತ ಬೈಗುಳ ಮೇಲು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಸೊಂಟನೋವು ಎಂದದ್ದು ನನಗೆ ಇವತ್ತೇ ಕೇಳಿಸಿದ್ದು. ಅದೂ ಅವನ ದೆಸೆಯಿಂದ.

11 ಫೆಬ್ರವರಿ, ಬುಧವಾರ

ಅಂಬುಜ ದೇವಸ್ಥಾನಕ್ಕೆ ಹೋಗಿದ್ದಳು. ಬಾಗಿಲು ಹಾಕಿಕೊಂಡು ಬಚ್ಚಲಲ್ಲಿ ನೀಲಿ ಕ್ಯಾನನ್ನು ಬಗ್ಗಿಸಿ ನೋಡಿದೆ.

ಸದ್ದಿಲ್ಲ.

ಎಲ್ಲ ಡಬ್ಬಿಗಳೂ ಸುರಿಯುವಾಗ ಗುಳುಕ್ ಗುಳುಕ್ ಎನ್ನುತ್ತವೆ. ನೀರು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು, ಎರಡೂ ಒಂದೇ ಬಾಗಿಲಲ್ಲಿ ಗುದ್ದಾಡುತ್ತವೆ. ಇಪ್ಪತ್ತಾರು ವರ್ಷದಿಂದ ಆ ಸದ್ದು ಕೇಳಿಕೊಂಡೇ ಬಂದಿದ್ದೇನೆ. ಇವನದು ರೇಷ್ಮೆ ಜಾರಿದ ಹಾಗೆ ಒಂದೇ ಧಾರೆ. ಬಾಯೊಳಗೆ ಬೆರಳು ಹಾಕಿ ತಡಕಿದೆ. ಪೆನ್ಸಿಲ್ ದಪ್ಪದ ಒಂದು ಕೊಳವೆ, ಗಾಳಿಗೆಂದೇ ಬೇರೆ ದಾರಿ. ಅಷ್ಟೇ! ಅಷ್ಟೇ ಅಷ್ಟು!

ನಾಲ್ಕು ಸಲ ತುಂಬಿಸಿ ನಾಲ್ಕು ಸಲ ಸುರಿದೆ. ತಪ್ಪು ಹುಡುಕುವುದಕ್ಕಾಗಿ.

ಸಿಕ್ಕಿತು. ಒಳಗಡೆ ಬೆಸುಗೆ ಅಂಕುಡೊಂಕು. ಗುರುವಿಲ್ಲದ ಕೈ ಎಂದು ಕಣ್ಣುಮುಚ್ಚಿ ಹೇಳಬಹುದು. ಹೊಸ ತಗಡು ಮಡಿಸಲು ಯಾರಿಗಾದರೂ ಬರುತ್ತದೆ. ಪೆಟ್ರೋಲು ಕುಡಿದ ಹಳೆಯ ಡಬ್ಬಿಗೆ ಬೆಸುಗೆ ಹಾಕಲಿ ನೋಡೋಣ! ನನ್ನ ಗುರುಗಳು ದೇವಯ್ಯನವರು ಎಡಗಣ್ಣು ಕಳೆದುಕೊಂಡದ್ದು ಒಂದು ಖಾಲಿ ಡಬ್ಬಿಯಿಂದ. ಒಳಗೆ ಒಂದು ತೊಟ್ಟು ಪೆಟ್ರೋಲ್ ಇರಲಿಲ್ಲ. ಆವಿ ಇತ್ತು. ಕಾದ ಕಬ್ಬಿಣ ಸೋಕಿದ್ದೇ ತಡ, ಶೆಡ್ಡಿನ ಹೆಂಚೆಲ್ಲ ಹಾರಿಹೋಯಿತು. ಅಂಥ ಡಬ್ಬಿಗೆ ಮೊದಲು ಕತ್ತಿನವರೆಗೆ ನೀರು ತುಂಬಬೇಕು, ಆವಿಗೆ ಒಳಗೆ ಜಾಗವೇ ಇಲ್ಲದಂತೆ. ಆಮೇಲೆ ಬೆಂಕಿ. ಇದು ನನ್ನ ಪಾಠ. ಅದನ್ನು ನಾಟಕದ ಮಾತಾಗಿ ಕಟ್ಟಿ, ಪ್ರತಿ ಬ್ಯಾಚಿಗೂ ಎದ್ದು ನಿಂತು ಅಭಿನಯಿಸಿ ಹೇಳುತ್ತೇನೆ.

ಗುಜರಿಯ ಕ್ಯಾನು ಬಿಚ್ಚಿದವನಿಗೆ ಈ ವಿದ್ಯೆ ಎಲ್ಲಿಂದ ಬರಬೇಕು?

21 ಫೆಬ್ರವರಿ, ಶನಿವಾರ

ನಮ್ಮ ಪ್ರಿನ್ಸಿಪಾಲ್ ಈಶ್ವರಯ್ಯ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಒಂದು ಕೆಂಪು ಕ್ಯಾನು.

"ಸಂಪತ್ಕುಮಾರ್, ಈ ವರ್ಷ ಹುಡುಗರ ಪ್ರಾಕ್ಟಿಕಲ್‌ಗೆ ಈ ಮಾಡೆಲ್ ಮಾಡಿಸಿಬಿಡಿ. ನಿಮ್ಮ ದುಂಡಂದು ಬೇಡ. ಕಲಿತದ್ದು ನಾಳೆ ಊರಲ್ಲಿ ಉಪಯೋಗಕ್ಕೆ ಬರಬೇಕಲ್ಲ?"

"ಸಾರ್, ದುಂಡಗಿನ ಮೈ ಮಾಡಿದವನೇ ತಗಡಿನ ಕೆಲಸಗಾರ. ಚಪ್ಪಟೆ ಯಾವನಾದರೂ ಮಾಡುತ್ತಾನೆ."

"ಹಾಗಾದರೆ ನಿಮಗೆ ಕಷ್ಟ ಆಗಲ್ಲ ಬಿಡಿ," ಎಂದು ನಕ್ಕುಬಿಟ್ಟರು.

ಇಪ್ಪತ್ತಾರು ವರ್ಷ ನನ್ನ ಗೋಡೆಯ ಮೇಲಿದ್ದ ನಕ್ಷೆಯನ್ನು ನನ್ನ ಕೈಯಿಂದಲೇ ಇಳಿಸಿದೆ. ಪಟ್ಟಾಭಿಷೇಕ ಅವನದು, ಸಿಂಹಾಸನ ಒರೆಸುವ ಕೆಲಸ ನನ್ನದು.

ಊಟ ಸೇರಲಿಲ್ಲ. ಮಜ್ಜಿಗೆ ಮಾತ್ರ.

22 ಫೆಬ್ರವರಿ, ಭಾನುವಾರ

ಮಂಚಯ್ಯ ಬಂದಿದ್ದ. ನಮ್ಮ ನಾಟಕಕ್ಕೆ ಜನರೇಟರು, ಲೈಟು ಕೊಡುವವನು. ಅವನ ಪೆಟ್ರೋಲ್ ಡಬ್ಬಿಯ ಕತ್ತಿನ ಬಳಿ ಬೆಸುಗೆ ಬಿಟ್ಟಿದೆ. ಹನ್ನೆರಡು ವರ್ಷದ ಡಬ್ಬಿ, ಮೂರು ಸಲ ನಾನೇ ರಿಪೇರಿ ಮಾಡಿದ್ದು.

"ಸಾ, ನಾಳೆ ಚನ್ರಾಯಪಟ್ಣದ ಕಡೆ ಮದ್ವೆ ಆರ್ಡರ್ ಅದೆ. ಇವತ್ತೇ ಒಂದು ಟಾಕಾ ಆಕ್ಬುಡಿ."

"ಚನ್ನರಾಯಪಟ್ಟಣದ ಕಡೆಗೋ? ಹಾಗಾದರೆ ದಂಡಿಗನಹಳ್ಳಿಗೂ ಹೋಗು. ಶಾಲು ಹೊದ್ದ ಮಹಾನುಭಾವನಿದ್ದಾನಲ್ಲ, ಅವನ ಕೈಯಲ್ಲೇ ಹಾಕಿಸು."

"ಯಾಕ್ ಸಾ ಇಂಗಂತೀರಿ? ನಿಮ್ ಕೈ ಬುಟ್ಟು ಬ್ಯಾರೆ ಕೈಗೆ ಕೊಟ್ಟಿವ್ನಾ ನಾನು?"

"ನನಗೆ ಚಪ್ಪಟೆ ವಿದ್ಯೆ ಬರುವುದಿಲ್ಲ ಮಂಚಯ್ಯ. ಹೋಗು."

ಅವನು ಡಬ್ಬಿ ಎತ್ತಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ನೋಡುತ್ತ ಹೋದ. ನಾನು ತಿರುಗಿ ಕರೆಯಲಿಲ್ಲ. ಹಳೆಯ ಡಬ್ಬಿ ಹೇಗಿರುತ್ತದೆ ಎಂದು ಆ ಪುಟ್ಟರಾಜುವಿಗೂ ಸ್ವಲ್ಪ ಗೊತ್ತಾಗಲಿ.

ಮಾತು ಚೆನ್ನಾಗಿ ಬಂತು. ಮಧ್ಯಾಹ್ನ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ.

23 ಫೆಬ್ರವರಿ, ಸೋಮವಾರ

ಇದನ್ನು ಮಲಗುವ ಮುಂಚೆಯೇ ಬರೆದುಬಿಡಬೇಕು. ಅಕ್ಷರ ಸೊಟ್ಟಗಾದರೆ ಆಗಲಿ.

ಹತ್ತು ಗಂಟೆಗೆ ಕ್ಲಾಸು. ಇಂದು ರಿಪೇರಿಯ ಪಾಠ ಶುರು. ಎಂದಿನಂತೆ ಒಂದು ಪೆಟ್ರೋಲ್ ಡಬ್ಬಿ ಮೇಜಿನ ಮೇಲಿಟ್ಟೆ. ಎಡಗೈ ಚಾಚಿ, ಬಲಗೈಯಲ್ಲಿ ಬೆಸುಗೆ ಕಬ್ಬಿಣವನ್ನು ಖಡ್ಗದಂತೆ ಎತ್ತಿ, ಗಂಟಲು ಬಿಚ್ಚಿದೆ:

"ಎಲೈ ಬೆಂಕಿಯೇ, ನಿಲ್ಲು! ಖಾಲಿಯೆಂದು ನಂಬಬೇಡ. ಈ ಡಬ್ಬಿಯೊಳಗೆ ಕಣ್ಣಿಗೆ ಕಾಣದ ನಿನ್ನ ನೆಂಟನೊಬ್ಬ ಅಡಗಿ ಕುಳಿತಿದ್ದಾನೆ..."

ಮುಂದಿನ ಮಾತು ಬರಲಿಲ್ಲ.

ಮೂವತ್ತು ವರ್ಷದಲ್ಲಿ ರಂಗದ ಮೇಲೆ ಒಂದು ಮಾತು ಮರೆತವನಲ್ಲ ನಾನು. ಇಂದು ನಿಂತುಬಿಟ್ಟೆ. ಎದುರಿಗಿದ್ದ ಡಬ್ಬಿ ಕಾಣಿಸಲಿಲ್ಲ. ಮಂಚಯ್ಯನ ಡಬ್ಬಿ ಕಾಣಿಸಿತು. ಅದರ ಹಿಂದೆ ದೇವಯ್ಯನವರ ಮುಖ, ಮುಚ್ಚಿಹೋದ ಆ ಎಡಗಣ್ಣು. ನಿನ್ನೆ ನಾನು ಕಳಿಸಿದ್ದೇನನ್ನು? ಯಾರ ಕೈಗೆ?

ಹುಡುಗರು ಇದೂ ಅಭಿನಯವೆಂದು ಕಾದು ಕೂತಿದ್ದರು. ಕಬ್ಬಿಣ ಕೆಳಗಿಟ್ಟು ಓಡಿದೆ.

ಚನ್ನರಾಯಪಟ್ಟಣದ ಬಸ್ಸು ಹೊರಡುತ್ತಿತ್ತು, ಕಿಟಕಿಗೆ ಬಡಿದು ನಿಲ್ಲಿಸಿದೆ. ಮಂಚಯ್ಯ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿರುತ್ತಾನೆ. ಅಂದರೆ ಡಬ್ಬಿ ಆಗಲೇ ದಂಡಿಗನಹಳ್ಳಿಗೆ ತಲುಪಿದೆ. ಕಂಡಕ್ಟರು "ಸಾರ್, ಕೂತ್ಕೊಳಿ, ನೀವು ನಿಂತ್ರೆ ಬಸ್ಸೇನು ಜೋರಾಗಿ ಓಡಲ್ಲ" ಎಂದ. ಪಟ್ಟಣದಲ್ಲಿ ಇಳಿದರೆ ಆ ಕಡೆಗೆ ಮುಂದಿನ ಬಸ್ಸಿಗೆ ಒಂದು ಗಂಟೆ. ತೆಂಗಿನಕಾಯಿ ತರಲು ಖಾಲಿ ಹೋಗುತ್ತಿದ್ದ ಒಂದು ಟೆಂಪೋಗೆ ಕೈ ಅಡ್ಡ ಹಿಡಿದೆ. ಹಿಂದೆ ನಿಂತು, ಕಂಬಿ ಹಿಡಿದುಕೊಂಡು, ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಕೇಳಿಕೊಂಡೆ: ನಿನ್ನೆ ನಿನಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ?

ನಿನ್ನೆಯ ಪುಟ ಈಗ ತಿರುವಿ ನೋಡಿದೆ. 'ಗೊತ್ತಾಗಲಿ' ಎಂದು ನನ್ನ ಅಕ್ಷರದಲ್ಲೇ ಇದೆ. ಹರಿದು ಹಾಕಲು ಮನಸ್ಸಾಯಿತು. ಹರಿಯಲಿಲ್ಲ.

ದಂಡಿಗನಹಳ್ಳಿಯಲ್ಲಿ ಮನೆ ತೋರಿಸಿದವರು ಯಾರೋ ನೆನಪಿಲ್ಲ. ಅಂಗಳದಲ್ಲಿ ಹುರುಳಿ ಕೇರುತ್ತಿದ್ದ ಮುದುಕಿ ಎದ್ದು ನಿಂತಳು. ಅವನ ತಾಯಿ ಬೆಟ್ಟಮ್ಮ.

"ಯಾರ್ ಸಾಮಿ? ಯಾಕಿಂಗ್ ಓಡ್ಬತ್ತಾ ಇದ್ದೀರಿ?"

"ಪುಟ್ಟರಾಜು ಎಲ್ಲಿ? ಪೆಟ್ರೋಲ್ ಡಬ್ಬಿ..."

"ಮನೆ ಇಂದ್ಗಡೆ ಶೆಡ್ನಲ್ಲವ್ನೆ. ಈಗ ಕಬ್ಣ ಕಾಯ್ಸ್ಕಂಡ."

ಓಡಿದೆ. ಕೂಗಬೇಕೆಂದರೆ ಧ್ವನಿ ಹೊರಡುವುದಿಲ್ಲ. ನಾಲ್ಕು ತಾಲ್ಲೂಕಿಗೆ ಮೈಕಿಲ್ಲದೆ ಕೇಳಿಸುವ ಗಂಟಲು, ಬೇಕಾದ ಒಂದು ಗಳಿಗೆಯಲ್ಲಿ ಕೈಕೊಟ್ಟಿತು. ಶೆಡ್ಡಿನ ಬಾಗಿಲು ಹತ್ತು ಹೆಜ್ಜೆ ಇದೆ. ಆಗ ಒಳಗಿನಿಂದ ಕೇಳಿಸಿತು:

"ಎಲೈ ಬೆಂಕಿಯೇ, ನಿಲ್ಲು!"

ನಾನು ನಿಂತುಬಿಟ್ಟೆ.

ಒಳಗೂ ಮೌನ. ಆಮೇಲೆ, ತಗ್ಗಿದ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಗುಟ್ಟು ಹೇಳುವ ಹಾಗೆ: "ಖಾಲಿಯೆಂದು ನಂಬಬೇಡ. ಈ ಡಬ್ಬಿಯೊಳಗೆ ಕಣ್ಣಿಗೆ ಕಾಣದ ನಿನ್ನ ನೆಂಟನೊಬ್ಬ ಅಡಗಿ ಕುಳಿತಿದ್ದಾನೆ. ಮೊದಲು ಗಂಗೆ ಒಳಗೆ ಬರಲಿ. ಅವನನ್ನು ಹೊರಗಟ್ಟಲಿ. ಆಮೇಲೆ ನಿನ್ನ ಪ್ರವೇಶ!"

ನನ್ನ ಮಾತು. ಒಂದಕ್ಷರ ಬಿಡದೆ. ಹ-ಕಾರ ಬಾಯಿಗೆ ಬಾರದ ಈ ಸೀಮೆಯವನು 'ಹೊರಗಟ್ಟಲಿ'ಯ ಹ-ಕಾರವನ್ನು ನಾನು ಒತ್ತುವ ಹಾಗೆಯೇ ಒತ್ತಿ ಹೇಳಿದ.

ಬಾಗಿಲಲ್ಲಿ ಇಣುಕಿದೆ. ಮಂಚಯ್ಯನ ಡಬ್ಬಿ ಕಲ್ಲಿನ ಮೇಲೆ ನಿಂತಿತ್ತು, ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಸುರಿದು ಖಾಲಿಯಾದ ಒಂದು ನೀಲಿ ಕ್ಯಾನು. ಡಬ್ಬಿಯಲ್ಲಿ ಮುಕ್ಕಾಲು ನೀರು. ಒಲೆ ಇದ್ದದ್ದು ಶೆಡ್ಡಿನ ಆಚೆ ತುದಿಯಲ್ಲಿ, ಕಬ್ಬಿಣ ಇನ್ನೂ ಅದರಲ್ಲೇ ಇತ್ತು. ಪುಟ್ಟರಾಜು ನನ್ನನ್ನು ಕಂಡು ಕಳ್ಳನ ಹಾಗೆ ಎದ್ದು ನಿಂತ.

"ಸಾ! ನೀವು?"

"ಈ ಮಾತು ನಿನಗೆಲ್ಲಿ ಸಿಕ್ಕಿತು?"

"ನಿಮ್ಮತ್ರಾನೇ ಸಾ. ಎಂಬತ್ತೇಳ್ನೇ ಇಸ್ವಿ ಬ್ಯಾಚು. ಮೂರೇ ತಿಂಗ್ಳು ಬಂದಿದ್ದು. ಅಪ್ಪನ ಕಾಲು ಮುರೀತು, ಆರು ಕಟ್ಟಿ ಒಲ ಉಳೋರಿಲ್ಲ ಅಂತ ಬುಟ್ಬುಟ್ಟೆ. ಅವತ್ತು ಆಸನ್ದಲ್ಲಿ ಅದ್ನೇ ಏಳಕ್ ಬಂದೆ, ನೀವು ಓಂಟೋದ್ರಿ."

ಬಾಗಿಲಿಗೆ ಬಂದ ಬೆಟ್ಟಮ್ಮ ನಕ್ಕಳು. "ದಿನಾ ಇದೇ ಗೋಳು ಕಣ ಸಾಮಿ. ಒಸ ತಗಡಾದ್ರೂ ಸೈ, ಕಬ್ಣ ಕಾದ್ರೆ ಸಾಕು, ಇವ್ನ ನಾಟ್ಕ ಸುರು. ನಮ್ಮೆಮ್ಮೆಗೂ ಬಾಯಿಪಾಠ ಆಗದೆ."

"ಸುಮ್ಕಿರವ್ವ!" ಅವನ ಕಿವಿ ಕೆಂಪಾಯಿತು. "ಏಳ್ದಿದ್ರೆ ಕೈ ಓಡಲ್ಲ ಸಾ. ನೀವಿದ್ದಂಗೆ ಇರ್ತದೆ."

ನಾನು ಕಂಬಕ್ಕೆ ಒರಗಿದೆ.

"ಅದ್ಸರಿ, ಏನ್ ಸಾ ಇಷ್ಟು ದೂರ? ಮಂಚಣ್ಣ ಬೆಳಿಗ್ಗೆ ಡಬ್ಬಿ ಕೊಟ್ಟು, ನೀವೇ ಕಳ್ಸುದ್ರಿ ಅಂದ್ರು. ನನ್ನತ್ರ ಕಳ್ಸುದ್ರಲ್ಲ ನಮ್ಮೇಷ್ಟ್ರು ಅಂತ, ಬೆಳಿಗ್ಗಿಂದ ಅವ್ವಂಗೆ ಏಳಿದ್ದೇ ಏಳಿದ್ದು."

ಭೂಮಿ ಬಾಯಿಬಿಡಲಿಲ್ಲ. ನಾಟಕದಲ್ಲಾದರೆ ಬಿಡುತ್ತಿತ್ತು.

"ನೀರು ಸಾಲದು," ಎಂದೆ, ಬೇರೇನೂ ತೋಚದೆ. "ಕತ್ತಿನವರೆಗೆ ಬರಬೇಕು."

"ಊಂ ಸಾ, ಇನ್ನೊಂದ್ ಕ್ಯಾನ್ ತರಕ್ ಓಯ್ತಿದ್ದೆ."

ಬಾವಿಕಟ್ಟೆಯ ಬಳಿ ತುಂಬಿಸಿದ. ಮಧ್ಯದ ಹಿಡಿಗೆ ಕೈ ಹಾಕುತ್ತಿದ್ದವನನ್ನು ತಡೆದು, ಈಚೆ ಹಿಡಿಯನ್ನು ನಾನು ಹಿಡಿದುಕೊಂಡೆ. "ಬ್ಯಾಡಿ ಸಾ, ಬ್ಯಾಡಿ" ಎಂದ. "ಹಿಡಿಯಯ್ಯ ಆ ಕಡೆ" ಎಂದೆ. ಹೆಜ್ಜೆ ಹೊಂದಲಿಲ್ಲ, ಅವನು ಗಿಡ್ಡ, ನಾನು ಉದ್ದ. ನೀರು ನನ್ನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. ಆದರೆ ಭಾರ ಗೊತ್ತಾಗಲಿಲ್ಲ. ಅಂಬುಜ ನಗುತ್ತ ಬರುತ್ತಿದ್ದದ್ದು ಇದಕ್ಕೇ ಇರಬೇಕು.

ಡಬ್ಬಿ ಕತ್ತಿನವರೆಗೆ ತುಂಬಿತು. ಕಬ್ಬಿಣ ತೆಗೆದು ನನ್ನ ಕೈಗೆ ಕೊಡಲು ಬಂದ. ಬೇಡವೆಂದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಮಣಿಕಟ್ಟು ಹಿಡಿದು, "ಎಳೆಯಬೇಡ, ಕಾವು ತಾನೇ ಓಡಿಸಿಕೊಂಡು ಹೋಗಲಿ" ಎಂದು ಒಂದು ಸಲ ತೋರಿಸಿದೆ. ಆಮೇಲೆ ಬೆಸುಗೆ ನೆಟ್ಟಗೆ ಹರಿಯಿತು. ಮೂರು ತಿಂಗಳ ಪಾಠದಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ, ಅಷ್ಟೇ.

ರಾಗಿಮುದ್ದೆ, ಹುರುಳಿ ಸಾರು ಹಾಕಿದರು. ಯಾಕೆ ಬಂದೆನೆಂದು ಹೇಳಲಿಲ್ಲ. ಹೇಳಬೇಕಿತ್ತು. ಗಾಳಿ ಕೊಳವೆಯ ಅಳತೆ ಕೇಳಲು ಬಂದೆ ಎಂದೆ. ಅವನು ಸಂತೋಷದಿಂದ ಒಂದು ಚೀಟಿಯಲ್ಲಿ ಬರೆದುಕೊಟ್ಟ.

1 ಮಾರ್ಚ್, ಭಾನುವಾರ

ಚೀಟಿಯ ಅಳತೆಯಂತೆ ಹೊಸ ನಕ್ಷೆ ಬರೆದು ಗೋಡೆಗೆ ಹಾಕಿದೆ. ಕೆಳಗೆ 'ದಂಡಿಗನಹಳ್ಳಿ ಮಾದರಿ' ಎಂದು ಬರೆದಿದ್ದೇನೆ, ಸಣ್ಣ ಅಕ್ಷರದಲ್ಲಿ. ಬೆಳಿಗ್ಗೆ ಪಾರ್ವತಮ್ಮ ಊರಲ್ಲಿರಲಿಲ್ಲವಾದ್ದರಿಂದ ನೀಲಿ ಕ್ಯಾನಿನ ಆಚೆ ಹಿಡಿಯನ್ನು ನಾನು ಹಿಡಿಯಬೇಕಾಯಿತು. ಬೀದಿಯೆಲ್ಲ ನೋಡಿತು. ಮಂಗಳವಾರವೂ ಹೋಗಬೇಕಂತೆ. ಪಾರ್ವತಮ್ಮ ನಾಳೆಯೇ ಬರುತ್ತಾರೆ, ಆದರೂ.

ಪುಟ್ಟರಾಜು ಭಾನುವಾರಗಳಲ್ಲಿ ಬಂದು ಉಳಿದ ಪಾಠ ಮುಗಿಸಲಿ ಎಂದು ಕಾಗದ ಹಾಕಿದ್ದೇನೆ. ಆ ಅಂಕುಡೊಂಕು ಬೆಸುಗೆ ನನ್ನ ಹೆಸರಿಗೆ ಕಳಂಕ. ಬಂದ ದಿನ ಮೊದಲು ಮಂಚಯ್ಯನ ಡಬ್ಬಿಯ ವಿಷಯ ಹೇಳಿಬಿಡಬೇಕು, ಪಾಠ ಆಮೇಲೆ.

ಹಾಗೆಂದು ಹೊಟ್ಟೆಯುರಿ ಆರಿತೆಂದು ಯಾರೂ ತಿಳಿಯಬೇಕಾಗಿಲ್ಲ! 'ನಿಲ್ಲು' ಎಂದ ಮೇಲೆ ಅವನು ಒಂದು ಉಸಿರಿನಷ್ಟು ಸುಮ್ಮನಾಗುತ್ತಾನೆ. ನಾನು ಇಪ್ಪತ್ತಾರು ವರ್ಷ ಅಲ್ಲಿ ನಿಲ್ಲದೆ ಗುಡುಗುತ್ತಲೇ ಹೋದೆ. ಮೊನ್ನೆ ಕ್ಲಾಸಿನಲ್ಲಿ ಅವನ ಹಾಗೆ ನಿಂತು ನೋಡಿದೆ. ಹಿಂದಿನ ಬೆಂಚಿನವರೂ ಉಸಿರು ಹಿಡಿದರು.

ಆ ಮೌನ ನನಗೆ ಹೊಳೆಯಬೇಕಿತ್ತು.